‘ಟಿಸಿ ತಗೊಂಡು ಹೋಗಿ’ ಅಂದರೆ ಏನು ಮಾಡಬೇಕು? ಬಸುರಿ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬಿ.ಎಡ್. ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಈಗ ನನಗೆ ಐದು ತಿಂಗಳು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಹೆರಿಗೆ ಆಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಗಂಡ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ನನ್ನ ತವರು ಶನಿವಾರಸಂತೆ ಹತ್ತಿರ. ಕಾಲೇಜಿಗೆ ಎರಡು ಬಸ್ ಹಿಡಿದು ಹೋಗಬೇಕು. ಮೊನ್ನೆ ಆಫೀಸಿನಲ್ಲಿ ವಿಷಯ ಹೇಳಿದೆ. ‘ನಿಮಗೆ ಶೇ 80 ಹಾಜರಾತಿ ಆಗಲ್ಲ, ಹಾಲ್ ಟಿಕೆಟ್ ಬರಲ್ಲ. ಸುಮ್ನೆ ಟಿಸಿ ತಗೊಂಡು ಹೋಗಿ, ಮುಂದಿನ ವರ್ಷ ಮತ್ತೆ ಸೇರಿ’ ಅಂದರು. ಅತ್ತೆಯೂ ಅದನ್ನೇ ಹೇಳುತ್ತಿದ್ದಾರೆ. ಕೆಲಸಕ್ಕೆ ಹೋಗುವವರಿಗೆ ಹೆರಿಗೆ ರಜೆ ಇದೆ. ಓದುವವರಿಗೆ ಏನೂ ಇಲ್ಲವೇ?

ಉತ್ತರ:

ತಂಗಿ, ಇದೆ. ಆದರೆ ಅದನ್ನು ನೀವು ಬಾಯಲ್ಲಿ ಕೇಳಿದ್ದೀರಿ, ಅವರು ಬಾಯಲ್ಲೇ ಇಲ್ಲ ಅಂದಿದ್ದಾರೆ. ಬಾಯಿಮಾತಿಗೆ ಕಾಲೇಜಿನಲ್ಲಿ ಯಾವ ದಾಖಲೆಯೂ ಉಳಿಯುವುದಿಲ್ಲ. ನಿಮ್ಮ ಮೊದಲ ಕೆಲಸ ಒಂದು ಅರ್ಜಿ ಬರೆಯುವುದು. ಅದಕ್ಕಿಂತ ಮೊದಲಿನ ಕೆಲಸ, ಟಿಸಿ ತೆಗೆದುಕೊಳ್ಳದೇ ಇರುವುದು.

ಟಿಸಿ ವಿಷಯ ಮೊದಲು ಹೇಳಿಬಿಡುತ್ತೇನೆ. ಟಿಸಿ ಅಂದರೆ ಕಾಲೇಜು ಬಿಡುವಾಗ ಕೊಡುವ ವರ್ಗಾವಣೆ ಪತ್ರ, ರಜೆ ಅಲ್ಲ. ಟಿಸಿ ತೆಗೆದುಕೊಂಡ ದಿನ ನಿಮ್ಮ ಹೆಸರು ರಿಜಿಸ್ಟರ್‌ನಿಂದ ಹೋಗುತ್ತದೆ. ಆಮೇಲೆ ನೀವು ಆ ಕಾಲೇಜಿನ ವಿದ್ಯಾರ್ಥಿನಿಯೇ ಅಲ್ಲ. ವಿದ್ಯಾರ್ಥಿನಿ ಅಲ್ಲದವರು ರಜೆ ಕೇಳುವುದು ಹೇಗೆ, ದೂರು ಕೊಡುವುದು ಹೇಗೆ? ಮುಂದಿನ ವರ್ಷ ಸೇರಲು ಹೋದರೆ ಮತ್ತೆ ಹೊಸದಾಗಿ ಸೀಟು, ಹೊಸದಾಗಿ ಫೀಸು. ನೀವು ಮುಗಿಸಿದ ಎರಡು ಸೆಮಿಸ್ಟರ್‌ಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಬೇಡಿಕೊಳ್ಳಬೇಕು.

ನಾನು ಇಷ್ಟು ಖಾರವಾಗಿ ಹೇಳುವುದಕ್ಕೆ ಕಾರಣ ಇದೆ. ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಬ್ಬ ಹುಡುಗಿ ಇದ್ದಳು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವಳು, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಏಳನೇ ತಿಂಗಳಲ್ಲಿ ಆಫೀಸಿನವರು ಟಿಸಿ ಬರೆದು ಕೊಟ್ಟರು. ನೋ ಡ್ಯೂ ಫಾರಂಗೆ ಸಹಿ ಮಾಡಿದ ಟೀಚರುಗಳಲ್ಲಿ ನಾನೂ ಒಬ್ಬಳು. ‘ಆರೋಗ್ಯ ನೋಡ್ಕೊ’ ಎಂದು ಹೇಳಿ ಕಳಿಸಿದೆ. ಅದು ಅವಳಿಗೆ ಒಳ್ಳೆಯದು ಎಂದೇ ಅಂದುಕೊಂಡಿದ್ದೆ. ಮೂರು ವರ್ಷ ಬಿಟ್ಟು ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕಳು. ಕೈಯಲ್ಲಿ ಮಗು. ‘ಮೇಡಂ, ನಾನೀಗ ಸೇರಬಹುದಾ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಟೀಚರ್ ಆಗಲಿಲ್ಲ. ಆ ಸಹಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹಾಗಾಗಿ ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಟಿಸಿಗೆ ನೀವಾಗಿ ಅರ್ಜಿ ಕೊಡಬೇಡಿ. ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಲೇಬೇಡಿ.

ಈಗ ನಿಮ್ಮ ಪರವಾಗಿ ಏನೇನಿದೆ ನೋಡೋಣ.

2021ರ ಡಿಸೆಂಬರ್ 14ರಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ದೇಶದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಪತ್ರ ಬರೆಯಿತು. ಪದವಿ ಮತ್ತು ಸ್ನಾತಕೋತ್ತರ ಪದವಿ ಓದುವ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ ಕೊಡಲು ನಿಯಮ ಮಾಡಿ, ಹಾಜರಾತಿಯಲ್ಲಿ ರಿಯಾಯಿತಿ ಕೊಡಿ, ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನವನ್ನು ಮುಂದಕ್ಕೆ ಹಾಕಿ, ಬೇಕಾದ ಬೇರೆ ಅನುಕೂಲಗಳನ್ನೂ ಮಾಡಿಕೊಡಿ ಎಂಬುದು ಅದರ ತಾತ್ಪರ್ಯ. ಈ ಪತ್ರವೇ ನಿಮ್ಮ ಮುಖ್ಯ ಆಸರೆ. ಆದರೆ ಅದರ ಮಿತಿಯೂ ಗೊತ್ತಿರಲಿ. ಇಷ್ಟೇ ದಿನ ರಜೆ ಎಂದು ಅದು ಹೇಳಿಲ್ಲ, ನಿಯಮ ಮಾಡುವ ಕೆಲಸವನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿದೆ. ಪಕ್ಕದ ಕೇರಳದಲ್ಲಿ ಅದನ್ನು ಸ್ಪಷ್ಟ ಮಾಡಿಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ 18 ವರ್ಷ ದಾಟಿದ ವಿದ್ಯಾರ್ಥಿನಿಯರಿಗೆ 60 ದಿನ ಹೆರಿಗೆ ರಜೆ ಎಂದು ತೀರ್ಮಾನಿಸಿತು. 2023ರ ಜನವರಿಯಲ್ಲಿ ಕೇರಳ ಸರ್ಕಾರ ತನ್ನ ಎಲ್ಲ ವಿಶ್ವವಿದ್ಯಾಲಯಗಳಿಗೂ ಅದನ್ನೇ ಹೇಳಿತು. ವಿರಾಜಪೇಟೆಯಿಂದ ಮಾಕುಟ್ಟ ದಾಟಿದರೆ ಆಚೆ ಕಣ್ಣೂರು ಜಿಲ್ಲೆ. ಅಲ್ಲಿ ಓದುವ ನಿಮ್ಮಂಥ ಹುಡುಗಿಗೆ ಸಿಗುವುದು ಘಾಟಿಯ ಮೇಲಿರುವ ನಿಮಗೆ ಯಾಕೆ ಸಿಗಬಾರದು? ಅರ್ಜಿಯಲ್ಲಿ ಈ ಹೋಲಿಕೆಯನ್ನು ಧೈರ್ಯವಾಗಿ ಬರೆಯಿರಿ.

ಕೋರ್ಟುಗಳ ವಿಷಯವನ್ನೂ ಪೂರ್ತಿ ಹೇಳುತ್ತೇನೆ, ಬರೀ ಸಿಹಿಯನ್ನಲ್ಲ. 2016ರಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಒಬ್ಬ ಬಿ.ಎಡ್. ವಿದ್ಯಾರ್ಥಿನಿ ಇದೇ ಕಾರಣಕ್ಕೆ ಕೇರಳ ಹೈಕೋರ್ಟಿಗೆ ಹೋಗಿದ್ದಳು. ಬಸಿರಿನ ಕಾರಣಕ್ಕೆ ಹಾಜರಾತಿ ವಿನಾಯಿತಿ ಕೊಡಲಾಗದು ಎಂದು ಕೋರ್ಟ್ ಹೇಳಿತು. 2018ರಲ್ಲಿ ದೆಹಲಿ ಹೈಕೋರ್ಟ್ ಕೂಡ ಒಬ್ಬ ಕಾನೂನು ವಿದ್ಯಾರ್ಥಿನಿಯ ಮನವಿಯನ್ನು ಒಪ್ಪಲಿಲ್ಲ. ನಿಮ್ಮ ಕಾಲೇಜಿನವರು ಹೇಳುತ್ತಿರುವುದು ಆ ಕಾಲದ ಮಾತು.

ಆಮೇಲೆ ಗಾಳಿ ತಿರುಗಿತು. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಮುಂದೆ ಒಬ್ಬ ಬಿ.ಟೆಕ್. ವಿದ್ಯಾರ್ಥಿನಿ ಬಂದಳು. ಬಸಿರು ಬಾಣಂತನದಲ್ಲಿ ಪರೀಕ್ಷೆ ತಪ್ಪಿತ್ತು, ವಿಶ್ವವಿದ್ಯಾಲಯದಲ್ಲಿ ಇದಕ್ಕೆ ನಿಯಮವೇ ಇರಲಿಲ್ಲ. ನಿಯಮ ಇಲ್ಲ ಎಂಬುದೇ ಕಾರಣವಾಗಬಾರದು, ಹೆರಿಗೆಯ ಹಿಂದೆ ಮುಂದೆ ವಿದ್ಯಾರ್ಥಿನಿಗೆ ನೆರವಾಗುವ ನಿಯಮ ಮಾಡಿ ಎಂದು ಕೋರ್ಟ್ ಹೇಳಿತು. ಸಂವಿಧಾನದ 14, 15(3) ಮತ್ತು 21ನೇ ವಿಧಿಗಳನ್ನು ಅದಕ್ಕೆ ಆಧಾರ ಮಾಡಿಕೊಂಡಿತು. 15(3) ಅಂದರೆ ಹೆಂಗಸರಿಗೆ, ಮಕ್ಕಳಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಡುವ ವಿಧಿ.

ನಿಮಗೆ ತುಂಬ ಹತ್ತಿರವಾದದ್ದು 2023ರ ಮೇ ತಿಂಗಳ ದೆಹಲಿ ಹೈಕೋರ್ಟ್ ತೀರ್ಪು. ಮೀರತ್‌ನ ಚೌಧರಿ ಚರಣ್ ಸಿಂಗ್ ವಿಶ್ವವಿದ್ಯಾಲಯದ ಒಬ್ಬ ಎಂ.ಎಡ್. ವಿದ್ಯಾರ್ಥಿನಿ 59 ದಿನಗಳ ಹೆರಿಗೆ ರಜೆ ಕೇಳಿದ್ದರು. ವಿಶ್ವವಿದ್ಯಾಲಯ ಇಲ್ಲ ಅಂದಿತ್ತು. ಆಕೆಗೂ ತರಗತಿಗೆ ಬೇಕಾದದ್ದು ಶೇ 80 ಹಾಜರಾತಿಯೇ. ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ರಜೆಯ 59 ದಿನಗಳನ್ನು ಗಣನೆಗೆ ತೆಗೆದುಕೊಂಡು ಮತ್ತೆ ತೀರ್ಮಾನಿಸಿ, ಆಗ ಶೇ 80 ಆಗುವುದಾದರೆ ಪರೀಕ್ಷೆಗೆ ಕೂರಿಸಿ ಎಂದಿತು. ಓದಬೇಕೋ ತಾಯಿಯಾಗಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಹೆಣ್ಣನ್ನು ಒತ್ತಾಯಿಸಬಾರದು ಎಂಬುದು ಆ ತೀರ್ಪಿನ ತಿರುಳು. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ಇಲ್ಲಿನ ಕಾಲೇಜನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ನಿಜ. ಆದರೆ ಅದೇ ಬಗೆಯ ಕೋರ್ಸು, ಅದೇ ಶೇ 80, ಅದೇ ಪ್ರಶ್ನೆ. ಯಾವ ಪ್ರಿನ್ಸಿಪಾಲರೂ ಅದನ್ನು ಸುಲಭವಾಗಿ ಪಕ್ಕಕ್ಕೆ ತಳ್ಳಲಾರರು.

ಬಿ.ಎಡ್.ಗೆ ಇನ್ನೊಂದು ವಿಶೇಷ ಇದೆ. ನಿಮ್ಮ ಕಾಲೇಜಿನವರು ಇದನ್ನು ಹೇಳಿರುವ ಹಾಗೆ ಕಾಣುವುದಿಲ್ಲ. ಶಿಕ್ಷಕರ ತರಬೇತಿಯ ನಿಯಮ ಮಾಡುವ ಎನ್‌ಸಿಟಿಇ 2014ರಲ್ಲೇ ಬರೆದಿದೆ: ಬಿ.ಎಡ್. ಎರಡು ವರ್ಷದ ಕೋರ್ಸು, ಆದರೆ ಸೇರಿದ ದಿನದಿಂದ ಮೂರು ವರ್ಷದೊಳಗೆ ಮುಗಿಸಬಹುದು. ಅಂದರೆ ಒಂದು ವರ್ಷದ ಜಾಗ ಕಾನೂನಿನಲ್ಲೇ ಇದೆ. ಅದನ್ನು ಬಳಸಲು ಟಿಸಿ ಬೇಕಿಲ್ಲ, ಹೆಸರು ರಿಜಿಸ್ಟರ್‌ನಲ್ಲಿ ಇದ್ದರೆ ಸಾಕು. ಆಫೀಸಿನವರು ‘ಮುಂದಿನ ವರ್ಷ ಬನ್ನಿ’ ಅಂದಾಗ ನೀವು ಹೇಳಬೇಕಾದದ್ದು ಇದು: ‘ಬರ್ತೀನಿ ಸರ್, ಆದರೆ ಇದೇ ರಿಜಿಸ್ಟರ್ ನಂಬರಿನಲ್ಲಿ ಬರ್ತೀನಿ.’

ಈಗ ಲೆಕ್ಕ ಹಾಕೋಣ. ಕಾಗದ ಪೆನ್ನು ತೆಗೆದುಕೊಳ್ಳಿ.

ಬಿ.ಎಡ್.ನಲ್ಲಿ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಇರಬೇಕು. ಸೆಮಿಸ್ಟರ್‌ಗೆ ಸುಮಾರು 100 ಎಂದು ಇಟ್ಟುಕೊಳ್ಳಿ. ಶೇ 80 ಅಂದರೆ 80 ದಿನ. ಯಾರ ಹಂಗೂ ಇಲ್ಲದೆ ನೀವು 20 ದಿನ ತಪ್ಪಿಸಬಹುದು. ಐದರಿಂದ ಎಂಟನೇ ತಿಂಗಳವರೆಗೆ ಆರೋಗ್ಯ ಚೆನ್ನಾಗಿದ್ದರೆ ಈ ಇಪ್ಪತ್ತನ್ನು ಮುಟ್ಟದೆ ಇಟ್ಟುಕೊಳ್ಳಿ. ಅದು ನಿಮ್ಮ ಗಂಟು. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಕಾಲೇಜೇ ಇರುವುದಿಲ್ಲ, ಅದನ್ನು ನಿಮ್ಮ ಗೈರುಹಾಜರಿ ಎಂದು ಬರೆಯುವ ಹಾಗಿಲ್ಲ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇಂಥ ದಿನ ಜಾಸ್ತಿ. ಪ್ರತಿ ತಿಂಗಳ ಕೊನೆಗೆ ಹಾಜರಿ ಪುಸ್ತಕ ನೋಡಿ ಲೆಕ್ಕ ಬರೆದಿಟ್ಟುಕೊಳ್ಳಿ.

ಇನ್ನು 60 ದಿನದ ರಜೆ ಕೇಳುತ್ತೀರಿ ಎಂದುಕೊಳ್ಳಿ. ಅದರಲ್ಲಿ ಭಾನುವಾರ, ಹಬ್ಬ ತೆಗೆದರೆ ಕೆಲಸದ ದಿನ ಸುಮಾರು 48 ಉಳಿಯುತ್ತದೆ. ಆ 48ನ್ನು ಒಟ್ಟು ದಿನಗಳಿಂದಲೇ ಕಳೆದರೆ ಉಳಿಯುವುದು 52. ಅದರ ಶೇ 80 ಅಂದರೆ 42. ಹೆರಿಗೆಗೆ ಮೊದಲೇ ನೀವು ಅಷ್ಟು ದಿನ ಹೋಗಿಬಿಡಬಹುದು! ಅಥವಾ ರಜೆಯ ದಿನಗಳನ್ನು ಹಾಜರಿ ಎಂದೇ ಹಿಡಿಯಬಹುದು. ಯಾವ ಬಗೆಯಲ್ಲಿ ಲೆಕ್ಕ ಹಾಕುತ್ತಾರೆ ಎಂಬುದನ್ನು ಆದೇಶದಲ್ಲಿ ಬರೆಸಿಕೊಳ್ಳಿ. ‘ರಜೆ ಮಂಜೂರಾಗಿದೆ’ ಎಂದಷ್ಟೇ ಬರೆದು, ಕೊನೆಗೆ ಆ ರಜೆಯನ್ನೇ ಗೈರುಹಾಜರಿ ಎಂದು ತೋರಿಸಿದ್ದನ್ನು ನಾನು ಕಂಡಿದ್ದೇನೆ.

ಇಂಟರ್ನ್‌ಶಿಪ್ ಮಾತು ಬೇರೆ. ಎರಡನೇ ವರ್ಷದಲ್ಲಿ 16 ವಾರ ಶಾಲೆಗೆ ಹೋಗಿ ಪಾಠ ಮಾಡಬೇಕು, ಅದಕ್ಕೆ ಶೇ 90 ಹಾಜರಾತಿ ಬೇಕು. ವಾರಕ್ಕೆ ಆರು ದಿನದಂತೆ 96 ದಿನ, ತಪ್ಪಿಸಲು ಸಿಗುವುದು ಒಂಬತ್ತೇ ದಿನ. ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಇಂಟರ್ನ್‌ಶಿಪ್‌ನಲ್ಲಿ ವಿನಾಯಿತಿ ಕೇಳಬೇಡಿ, ಸಮಯ ಮತ್ತು ಜಾಗ ಕೇಳಿ. ಥಿಯರಿಯನ್ನು ಮನೆಯಲ್ಲಿ ಕೂತು ಓದಿ ಸರಿದೂಗಿಸಬಹುದು. ನಲವತ್ತು ಮಕ್ಕಳ ಮುಂದೆ ನಿಂತು ಕಲಿಯುವುದನ್ನು ಪುಸ್ತಕದಲ್ಲಿ ಕಲಿಯಲು ಆಗದು. ಎಂಟು ಒಂಬತ್ತನೇ ತಿಂಗಳಲ್ಲಿ ಅಥವಾ ಹಸಿ ಬಾಣಂತನದಲ್ಲಿ ಅದು ಬರುವ ಹಾಗಿದ್ದರೆ ಮುಂದಕ್ಕೆ ಹಾಕಿ ಎಂದು ಕೇಳಿ. ಬಾಣಂತನ ಶನಿವಾರಸಂತೆ ಕಡೆ ಆಗುವುದಾದರೆ ಅಲ್ಲಿನ ಸರ್ಕಾರಿ ಶಾಲೆಯನ್ನೇ ಕೊಡಿ ಎಂದು ಕೇಳಿ. ಪಾಠ ನೋಡಲು ಮಾರ್ಗದರ್ಶಕರು ಅಲ್ಲಿಗೆ ಬರಬೇಕಾಗುತ್ತದೆ, ಹಾಗಾಗಿ ಸ್ವಲ್ಪ ಗೊಣಗಾಟ ಇರುತ್ತದೆ. ಇರಲಿ, ಕೇಳಿ.

ಅರ್ಜಿ ಹೇಗೆ ಬರೆಯುವುದು ಎಂದು ತುಂಬ ಜನ ಕೇಳುತ್ತಾರೆ. ನಾನೇ ಒಂದು ಬರೆದುಕೊಡುತ್ತೇನೆ. ನಿಮ್ಮ ವಿವರ ತುಂಬಿಕೊಳ್ಳಿ.

‘ಪ್ರಾಂಶುಪಾಲರಿಗೆ,

ನಾನು ನಿಮ್ಮ ಕಾಲೇಜಿನಲ್ಲಿ ಬಿ.ಎಡ್. ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಾನು ಗರ್ಭಿಣಿ. ಹೆರಿಗೆಯ ಅಂದಾಜು ದಿನಾಂಕ ಇಂಥದ್ದು ಎಂದು ವೈದ್ಯರು ಬರೆದುಕೊಟ್ಟ ಪತ್ರ ಮತ್ತು ತಾಯಿ ಕಾರ್ಡಿನ ಪ್ರತಿ ಜೊತೆಗಿವೆ. ಇಂಥ ದಿನದಿಂದ ಇಂಥ ದಿನದವರೆಗೆ 60 ದಿನ ಹೆರಿಗೆ ರಜೆ ಕೊಡಬೇಕು. ಈ ದಿನಗಳನ್ನು ಹಾಜರಾತಿ ಲೆಕ್ಕದಲ್ಲಿ ಗೈರುಹಾಜರಿ ಎಂದು ಪರಿಗಣಿಸಬಾರದು. ಪರೀಕ್ಷೆಯ ಅರ್ಜಿ ತುಂಬಲು ಹೆಚ್ಚು ಸಮಯ ಬೇಕಾದರೆ ಕೊಡಬೇಕು. ಹೆರಿಗೆಯ ಕಾರಣ ಪರೀಕ್ಷೆ ತಪ್ಪಿದರೆ ಅದನ್ನು ಅನುತ್ತೀರ್ಣ ಎಂದು ಎಣಿಸದೆ ಮುಂದಿನ ಬಾರಿ ಬರೆಯಲು ಅವಕಾಶ ಕೊಡಬೇಕು. ಇಂಟರ್ನ್‌ಶಿಪ್ ಅನ್ನು ಹೆರಿಗೆಯ ನಂತರ, ನನ್ನ ತವರಿನ ಹತ್ತಿರದ ಶಾಲೆಯಲ್ಲಿ ಮಾಡಲು ಅನುಮತಿ ಬೇಕು. 14-12-2021ರ ಯುಜಿಸಿ ಪತ್ರದ ಆಧಾರದಲ್ಲಿ ಈ ಮನವಿ ಮಾಡುತ್ತಿದ್ದೇನೆ. ನಿರ್ಧಾರ ವಿಶ್ವವಿದ್ಯಾಲಯದ್ದಾದರೆ ನನ್ನ ಅರ್ಜಿಯನ್ನು ನಿಮ್ಮ ಶಿಫಾರಸಿನೊಂದಿಗೆ ಅಲ್ಲಿಗೆ ಕಳಿಸಿ, ಉತ್ತರವನ್ನು ಲಿಖಿತವಾಗಿ ಕೊಡಬೇಕು.’

ಇಷ್ಟೇ. ಜಾಸ್ತಿ ಬೇಡ. ಕಣ್ಣೀರು, ಕ್ಷಮೆ, ‘ದಯವಿಟ್ಟು ತಪ್ಪು ತಿಳಿಯಬಾರದು’, ಇವೆಲ್ಲ ಬೇಡವೇ ಬೇಡ. ನೀವು ತಪ್ಪು ಮಾಡಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಇನ್ನೊಂದು ಪ್ರತಿ ವಿಶ್ವವಿದ್ಯಾಲಯದ ಕುಲಸಚಿವರಿಗೆ ಹೋಗಲಿ. ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ, ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿದೆ. ಅದಕ್ಕೂ ಮೊದಲು ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಿಮ್ಮ ಅಂಕಪಟ್ಟಿಯ ಮೇಲೆ ಯಾರ ಹೆಸರಿದೆಯೋ ಅವರಿಗೇ ಬರೆಯಿರಿ. ಇಂಜಿನಿಯರಿಂಗ್, ನರ್ಸಿಂಗ್ ಓದುವವರ ವಿಶ್ವವಿದ್ಯಾಲಯಗಳೇ ಬೇರೆ, ಅವರೂ ಹೀಗೇ ನೋಡಿಕೊಳ್ಳಬೇಕು.

ಅದೇ ದಿನ ಇನ್ನೊಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಡಿ ವಿಶ್ವವಿದ್ಯಾಲಯಕ್ಕೆ ಒಂದೇ ಪ್ರಶ್ನೆ ಕೇಳಿ: ‘14-12-2021ರ ಯುಜಿಸಿ ಪತ್ರದಂತೆ ನೀವು ಮಾಡಿರುವ ನಿಯಮದ ಪ್ರತಿ ಕೊಡಿ.’ 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಿಯಮ ಇದ್ದರೆ ನಿಮ್ಮ ಕೈಗೆ ಬಂತು. ಇಲ್ಲ ಎಂದು ಬಂದರೆ ಆ ‘ಇಲ್ಲ’ವೇ ಮುಂದಿನ ಮೆಟ್ಟಿಲಲ್ಲಿ ನಿಮ್ಮ ಪುರಾವೆ.

ಆ ಮೆಟ್ಟಿಲು ಯಾವುದು? ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿಗಳ ದೂರು ಕೇಳಲು ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಅದು ಸರಿ ಕಾಣದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲು ನೇಮಿಸಿದವರಿಗೆ, ಮೇಲ್ಮನವಿ ಹಾಕಬಹುದು. ಅವರಿಗೆ 30 ದಿನದ ಗಡುವು. ಎಲ್ಲ ಸೇರಿಸಿದರೆ ಎರಡು ತಿಂಗಳಿಗಿಂತ ಜಾಸ್ತಿ ಆಗುತ್ತದೆ. ಅದಕ್ಕೇ ಐದನೇ ತಿಂಗಳಲ್ಲೇ ಶುರು ಮಾಡಿ ಅನ್ನುವುದು. ಹಾಲ್ ಟಿಕೆಟ್ ತಡೆದ ಮೇಲೆ ಓಡಾಡುವಾಗ ಕೈಯಲ್ಲಿ ಹಸುಗೂಸು ಇರುತ್ತದೆ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಯಾವ ಹೆಣ್ಣಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಹಳ ಸಲ ಅಲ್ಲಿಂದ ಒಂದು ಪತ್ರ ಹೋದರೆ ಸಾಕು, ಕಾಲೇಜಿನ ದನಿ ಬದಲಾಗುತ್ತದೆ.

ಒಂದು ಮಾತು ಕಾಲೇಜಿನವರ ಪರವಾಗಿಯೂ ಹೇಳಬೇಕು. ಆಫೀಸಿನಲ್ಲಿ ಕೂತವರು ನಿಮ್ಮ ಶತ್ರುಗಳಲ್ಲ. ಹೆಚ್ಚಿನವರಿಗೆ ಯುಜಿಸಿ ಪತ್ರ ಬಂದದ್ದೇ ಗೊತ್ತಿರುವುದಿಲ್ಲ. ತಪಾಸಣೆಗೆ ಬಂದವರು ಹಾಜರಿ ಪುಸ್ತಕ ಕೇಳಿದರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯ ಅವರಿಗೆ. ನಿಮ್ಮ ಅರ್ಜಿ, ಡಾಕ್ಟರ ಪತ್ರ, ವಿಶ್ವವಿದ್ಯಾಲಯದ ಉತ್ತರ ಫೈಲಿನಲ್ಲಿ ಇದ್ದರೆ ಆ ಭಯ ಹೋಗುತ್ತದೆ. ಕ್ಲಾಸಿನಲ್ಲಿ ನಿಮ್ಮನ್ನು ಚೆನ್ನಾಗಿ ಕಾಣುವ ಒಬ್ಬ ಮೇಡಂ ಇದ್ದೇ ಇರುತ್ತಾರೆ, ಅಲ್ವಾ? ಅರ್ಜಿ ಕೊಡುವ ದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೀಗೆ ಕರೆದಾಗ ಬರಬೇಕಿತ್ತು ಎಂದು ಇವತ್ತಿಗೂ ಅನ್ನಿಸುವ ಒಬ್ಬ ಟೀಚರ್ ಆಗಿ ಹೇಳುತ್ತಿದ್ದೇನೆ.

ಪರೀಕ್ಷೆಯ ದಿನಕ್ಕೆ ಸಣ್ಣ ಸಣ್ಣ ಅನುಕೂಲ ಕೇಳಿ: ನೆಲ ಅಂತಸ್ತಿನ ಕೋಣೆ, ಬಾಗಿಲ ಹತ್ತಿರದ ಬೆಂಚು, ಹತ್ತಿರದಲ್ಲಿ ಶೌಚಾಲಯ, ನೀರಿನ ಬಾಟಲಿ. ಇವು ಪ್ರಿನ್ಸಿಪಾಲರ ಕೈಯಲ್ಲೇ ಇವೆ.

ಇನ್ನು ಮಗು ಬಂದ ಮೇಲಿನ ದಿನಗಳು. ಎಲ್ಲರೂ ಹೆರಿಗೆವರೆಗೆ ಯೋಚನೆ ಮಾಡುತ್ತಾರೆ, ಆಮೇಲಿನದು ಯಾರ ತಲೆಗೂ ಬರುವುದಿಲ್ಲ. ಮೊದಲ ಆರು ತಿಂಗಳು ಮಗುವಿಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ ಎಂದು ಡಾಕ್ಟರು ಹೇಳುತ್ತಾರೆ. ನೀವು ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿ ಸಂಜೆ ಐದೂವರೆಗೆ ಮನೆ ಸೇರಿದರೆ ಆ ಹಾಲು ಏನಾಗಬೇಕು? ಮೂರು ಗಂಟೆ ದಾಟಿದರೆ ಎದೆ ಕಟ್ಟುತ್ತದೆ, ನೋಯುತ್ತದೆ, ಸೀರೆ ಒದ್ದೆಯಾಗುತ್ತದೆ. ನನ್ನ ವಿದ್ಯಾರ್ಥಿನಿಯರು ಟಾಯ್ಲೆಟ್‌ನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿದ್ದಾರೆ. ಕೆಲವರು ಜ್ವರ ಬಂದು ಮಲಗಿದ್ದಾರೆ. ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ನೀವು ಹೇಳಿಕೊಳ್ಳಿ. ಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಒಂದು ಭಾಗ ಎಂದು ನಮ್ಮದೇ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿದ್ದ ಮಗುವಿನ ಮೊಕದ್ದಮೆ ಅದು, ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ತೀರ್ಪು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸಲು ಜಾಗ ಇರಬೇಕು ಎಂದಿತು. ನೌಕರಿ ಮಾಡುವ ತಾಯಂದಿರಿಗೆ ಕಾನೂನಿನಂತೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಸಿಗುತ್ತದೆ. ಆ ಕಾನೂನು ವಿದ್ಯಾರ್ಥಿನಿಯರಿಗೆ ಅನ್ವಯ ಆಗುವುದಿಲ್ಲ. ಆದರೆ ಕೇಳುವಾಗ ಅದೇ ಅಳತೆ ಇಟ್ಟುಕೊಳ್ಳಿ: ದಿನಕ್ಕೆ ಎರಡು ಬಿಡುವು, ಒಳಗಿನಿಂದ ಚಿಲಕ ಇರುವ ಒಂದು ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು. ಇದಕ್ಕೆ ಕಾಲೇಜು ಹಣ ಖರ್ಚು ಮಾಡಬೇಕಿಲ್ಲ. ಲೇಡೀಸ್ ರೂಮಿನ ಬೀಗದ ಕೈ ಕೊಟ್ಟರೆ ಸಾಕು.

ಚೆನ್ನಾಗಿ ತೊಳೆದು ನೀರಿನಲ್ಲಿ ಕುದಿಸಿದ, ಮುಚ್ಚಳ ಇರುವ ಪಾತ್ರೆಯಲ್ಲಿ ಹಿಂಡಿದ ಹಾಲು ಹೊರಗಡೆ ನಾಲ್ಕು ಗಂಟೆ ಇರುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಹಿಂಡಿಟ್ಟು ಬಂದರೆ ಮಧ್ಯಾಹ್ನದವರೆಗೆ ಅಮ್ಮ ಚಮಚದಲ್ಲೋ ಒಳಲೆಯಲ್ಲೋ ಕುಡಿಸಬಹುದು. ಮನೆಯಲ್ಲಿ ಫ್ರಿಜ್ ಇದ್ದರೆ ಇನ್ನೂ ಜಾಸ್ತಿ ಹೊತ್ತು ಇಡಬಹುದು. ಇದನ್ನು ಹೆರಿಗೆ ಆದ ಆಸ್ಪತ್ರೆಯ ನರ್ಸ್ ಹತ್ತಿರ ಕೈಯಿಂದ ಮಾಡಿ ಕಲಿತುಕೊಂಡೇ ಮನೆಗೆ ಬನ್ನಿ.

ಮಗುವನ್ನು ನೋಡಿಕೊಳ್ಳುವುದಕ್ಕೆ ಮನೆಯವರು ಇದ್ದರೆ ನಿಮ್ಮ ಪುಣ್ಯ. ಇಲ್ಲದವರು ಗ್ರಾಮ ಪಂಚಾಯ್ತಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇದೆಯಾ ಕೇಳಿ. ಅದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗೆ ಎಂದು ಮಾಡಿದ್ದು. ಜಾಗ ಇದ್ದರೆ ವಿಚಾರಿಸಿ ನೋಡುವುದರಲ್ಲಿ ತಪ್ಪಿಲ್ಲ.

ದುಡ್ಡಿನ ವಿಷಯ. ಮೊದಲ ಮಗುವಿಗೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಎರಡು ಕಂತಿನಲ್ಲಿ 5,000 ರೂಪಾಯಿ ಬರುತ್ತದೆ. ನೀವು ಅದರ ಪಟ್ಟಿಯಲ್ಲಿ ಬರುತ್ತೀರಾ ಎಂದು ಅಂಗನವಾಡಿಯಲ್ಲಿ ಕೇಳಿ. ಓದುತ್ತಿದ್ದೇನೆ ಎಂದು ಹಿಂಜರಿಯಬೇಡಿ. ಅಂಗನವಾಡಿಯ ಮಾತೃಪೂರ್ಣ ಊಟವೂ ನಿಮಗೆ ಸಲ್ಲಬೇಕಾದದ್ದೇ. ಸ್ಕಾಲರ್‌ಶಿಪ್ ಬರುತ್ತಿದ್ದರೆ ರಜೆಯಿಂದ ಅದು ನಿಲ್ಲುತ್ತದೆಯೇ ಎಂದು ಅರ್ಜಿಯ ಜೊತೆಗೇ ವಿಚಾರಿಸಿ.

ಅತ್ತೆಯ ಬಗ್ಗೆ ಬರೆದಿದ್ದೀರಿ. ಅವರ ಮಾತಿನಲ್ಲಿ ಇರುವುದು ಕಾಳಜಿ ಎಂದೇ ನನಗೆ ಅನ್ನಿಸುತ್ತದೆ. ಮಳೆಯಲ್ಲಿ, ಆ ತಿರುವುಗಳಲ್ಲಿ, ತುಂಬಿದ ಬಸ್ಸಿನಲ್ಲಿ ಸೊಸೆ ನಿಂತುಕೊಂಡು ಹೋಗುವುದನ್ನು ನೆನೆದರೆ ಯಾರಿಗೂ ಎದೆ ಹೊಡೆದುಕೊಳ್ಳುತ್ತದೆ. ಅವರಿಗೆ ‘ಓದು ಬಿಡಲ್ಲ’ ಎಂದು ಹೇಳಬೇಡಿ. ‘ಎಂಟು ತಿಂಗಳಿಗೆ ರಜೆ ಹಾಕ್ತೀನಿ, ಬಾಣಂತನ ಪೂರ್ತಿ ಮಾಡಿಸ್ಕೊಳ್ತೀನಿ, ಪರೀಕ್ಷೆ ಆಮೇಲೆ ಬರೀತೀನಿ’ ಎಂದು ದಿನಾಂಕದ ಸಮೇತ ಹೇಳಿ. ಕ್ಯಾಲೆಂಡರ್ ತೋರಿಸಿದಾಗ ಒಪ್ಪಿದ ಅತ್ತೆಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಸ್ ಪ್ರಯಾಣ ಎಲ್ಲಿಯವರೆಗೆ ಸರಿ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಅವರು ಬೇಡ ಅಂದರೆ ಬೇಡ, ಹಾಜರಾತಿಯ ಮುಖ ನೋಡಬೇಡಿ. ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ಕ್ಲಾಸು ಮುಗಿಯುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಇದನ್ನು ಓದುವ ಬೇರೆಯವರಿಗೂ ನಾಲ್ಕು ಮಾತು. ಪಿಎಚ್.ಡಿ. ಮಾಡುತ್ತಿರುವವರ ದಾರಿ ಸ್ಪಷ್ಟ ಇದೆ: ಯುಜಿಸಿಯ 2022ರ ನಿಯಮದಲ್ಲೇ ಒಟ್ಟು 240 ದಿನದವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಎಂದಿದೆ, ಮುಗಿಸಲು ಎರಡು ವರ್ಷ ಹೆಚ್ಚಿಗೆ ಸಮಯವೂ ಇದೆ. ಮದುವೆಯಾಗದೆ ಬಸುರಿಯಾದ ಹುಡುಗಿಯರೂ ನನಗೆ ಬರೆಯುತ್ತಾರೆ, ಹೆದರಿ ಹೆದರಿ. ಯುಜಿಸಿ ಪತ್ರ ಹೇಳುವುದು ‘ವಿದ್ಯಾರ್ಥಿನಿ’ ಎಂದು, ‘ಮದುವೆಯಾದ ವಿದ್ಯಾರ್ಥಿನಿ’ ಎಂದಲ್ಲ. ಗರ್ಭ ಬೇಡ ಎನ್ನುವ ನಿರ್ಧಾರವಾದರೂ ಕಾನೂನಿನಲ್ಲಿ ದಾರಿ ಇದೆ, 24 ವಾರದವರೆಗಿನ ಆ ಅವಕಾಶ ಮದುವೆಯಾಗದವರಿಗೂ ಇದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಾಕ್ಟರು ನಿಮ್ಮ ಹೆಸರನ್ನು ಗುಟ್ಟಾಗಿ ಇಡಬೇಕು. ತಡ ಮಾಡದೆ ಆಸ್ಪತ್ರೆಗೆ ಹೋಗಿ, ಮಾತ್ರೆ ಅಂಗಡಿಗೆ ಅಲ್ಲ. 18 ತುಂಬದವರ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬರುತ್ತದೆ, ಅಲ್ಲಿ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಆಸ್ಪತ್ರೆ ತಪ್ಪಿಸಿದರೆ ಪ್ರಾಣಕ್ಕೇ ಅಪಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಗರ್ಭ ಹೋದವರನ್ನು ಯಾರೂ ನೆನೆಯುವುದಿಲ್ಲ. ಅವರೂ ರಜೆ ಕೇಳಬೇಕು. ನೌಕರಿಯಲ್ಲಿ ಇರುವವರಿಗೆ ಆರು ವಾರ ರಜೆ ಇದೆ, ಅದೇ ಅಳತೆ ಹಿಡಿದು ಕೇಳಿ. ಮೈಗೂ ಮನಸ್ಸಿಗೂ ಅಷ್ಟು ಸಮಯ ಬೇಕೇ ಬೇಕು.

ತಂಗಿ, ನಿಮ್ಮ ಹತ್ತಿರ ಇನ್ನೂ ನಾಲ್ಕು ತಿಂಗಳು ಇವೆ. ಮುಂದಿನ ಸ್ಕ್ಯಾನಿಂಗ್‌ಗೆ ಹೋದಾಗ ಡಾಕ್ಟರ ಹತ್ತಿರ ಹೆರಿಗೆಯ ಅಂದಾಜು ದಿನಾಂಕದ ಪತ್ರ ಬರೆಸಿಕೊಳ್ಳಿ. ಅದು ತಡವಾಗುವ ಹಾಗಿದ್ದರೆ ತಾಯಿ ಕಾರ್ಡಿನ ಪ್ರತಿ ಮಾತ್ರ ಲಗತ್ತಿಸಿ ಈ ಸೋಮವಾರವೇ ಅರ್ಜಿ ಕೊಟ್ಟುಬಿಡಿ, ಡಾಕ್ಟರ ಪತ್ರ ಆಮೇಲೆ ಸೇರಿಸಬಹುದು. ಸೀಲು ಬಿದ್ದ ಪ್ರತಿಯ ಒಂದು ಫೋಟೊ ನನಗೆ ಕಳಿಸಿ. ಅವರು ಏನು ಉತ್ತರ ಕೊಟ್ಟರು ಎಂದೂ ಬರೆಯಿರಿ, ಮುಂದಿನ ಪತ್ರವನ್ನು ಇಬ್ಬರೂ ಸೇರಿ ಬರೆಯೋಣ.